ಬಾಯಿ ಬಿಡದೆ ಕಿತ್ತ ಸೊಂಡೆಕಾಯಿ

ನಮ್ಮ ಅತ್ತೆ ಕೆಮ್ಮಿದರು ಅಂದರೆ ಮನೆಯಲ್ಲಿ ಏನಾದರೊಂದು ಪ್ರಸಂಗ ಆಗಲೇಬೇಕು. ಹನೂರಿನ ಡಾಕ್ಟರು ಕೊಟ್ಟ ಸಿರಪ್ಪು ಗೂಡಿನಲ್ಲೇ ಕೂತಿರುತ್ತದೆ. ಅವರಿಗೆ ಸೊಂಡೆಕಾಯಿ ಸಾರೇ ಆಗಬೇಕು.

೧. ಕೋಳಿಯ ತಪ್ಪು

ಸೊಂಡೆ ಅಂದರೆ ಬದನೆಯ ನೆಂಟ. ಆಳೆತ್ತರದ ಮುಳ್ಳುಗಿಡ, ಬಟಾಣಿಯಷ್ಟು ಕಾಯಿ, ಬರೀ ಕಹಿ. ಮನೆ ಪಾಲಾದಾಗ ಹಿತ್ತಲ ಗಿಡ ಮೈದುನನ ಕಡೆಗೆ ಹೋಯಿತು. ನಮ್ಮ ಕೋಳಿಗೆ ಅದೆಲ್ಲ ಗೊತ್ತಾ? ಆ ಗಿಡದ ಬುಡದಲ್ಲೇ ಮೊಟ್ಟೆ ಇಟ್ಟಿತು.

"ಗಿಡ ನಮ್ದು, ಮೊಟ್ಟೆನೂ ನಮ್ದೇಯ" ಅಂದಳು ಮೈದುನನ ಹೆಂಡತಿ, ನನ್ನ ವಾರಗಿತ್ತಿ.

"ಅಂಗಾರೆ ಕೋಳಿ ಯಾರ್ದು?" ಅಂದೆ.

ಅಷ್ಟಕ್ಕೇ ಎರಡು ಮನೆಗೆ ಮಾತು ನಿಂತಿತು. ಒದ್ದಾಡಿದ್ದು ಅತ್ತೆ. "ನೀವಿಬ್ರೂ ಒಂದೇ ಜಗುಲೀಲಿ ಕುಂತ್ಕಳದ ನೋಡ್ಬುಟ್ಟೇ ನಾ ಸಾಯದು" ಅನ್ನುತ್ತಿದ್ದರು. ಕೋಳಿ ಮಾತ್ರ ದಿನಾ ಎರಡೂ ಮನೆಗೆ ಹೋಗಿಬರುತ್ತಿತ್ತು.

೨. ಮಾದಪ್ಪ ಕೊಟ್ಟ ಮಾತು

ಮದ್ದಿನ ಕಾಯಿ ಕಿತ್ತು ತರುವ ತನಕ ಬಾಯಿ ಬಿಡಬಾರದು, ಬಿಟ್ಟರೆ ಮದ್ದು ಹಿಡಿಯಲ್ಲ ಅನ್ನುವುದು ಅತ್ತೆಯ ನಂಬಿಕೆ. ವಾರಗಿತ್ತಿಯ ಗಿಡ ಮುಟ್ಟುವ ಹಾಗಿಲ್ಲವಲ್ಲ, ಬೆಳಿಗ್ಗೆ ರಸ್ತೆಬದಿಯ ಗಿಡಕ್ಕೆ ಹೋದೆ. ಮಾದಪ್ಪನ ಬೆಟ್ಟಕ್ಕೆ ನಡೆದು ಹೊರಟಿದ್ದ ಪರಸೆಯವರು, "ಅಕ್ಕಾ, ನೀರು ಎಲ್ಲಿ ಸಿಕ್ತದೆ?" ಅಂದರು. ಕೈ ತೋರಿಸಿದೆ.

"ಅಯ್ಯೋ ಪಾಪ, ಮೂಗಿ" ಅಂತ ಒಬ್ಬ ಅಜ್ಜಿ ನನ್ನ ಹಣೆಗೆ ವಿಭೂತಿ ಹಚ್ಚಿ, "ಮಾದಪ್ಪ, ಈ ತಾಯ್ಗೆ ಮಾತು ಕೊಡಪ್ಪ" ಅಂತ ಅಳುವುದಕ್ಕೇ ಶುರುಮಾಡಿದರು. ನನ್ನಂಥ ಬಾಯಿಬಡುಕಿ ಎಷ್ಟು ಹೊತ್ತು ತಡೆದುಕೊಳ್ಳಲಿ?

"ನಂಗೆ ಮಾತು ಬತ್ತದೆ ಕಣಜ್ಜಿ!" ಅಂದೆ.

ಅಷ್ಟೂ ಜನ "ಉಘೇ ಮಾದಪ್ಪ!" ಅಂತ ಅಲ್ಲೇ ಅಡ್ಡಬಿದ್ದರು.

೩. ಕೆಟ್ಟುಹೋದ ಮದ್ದು

"ನಿನ್ ಕೈಲಿ ಆಗಲ್ಲ ಬುಡು" ಅಂದರು ಅತ್ತೆ, ನಡೆದದ್ದು ಕೇಳಿ. "ಮಾತು ಬುಟ್ಟಿರೋಳು ಒಬ್ಳವ್ಳೆ, ಅವ್ಳೇ ಕಿತ್ಕಬರ್ಲಿ." ಬೇಲಿಯಾಚೆ ತಾವೇ ಕೂಗಿ ಹೇಳಿದರು.

ಮಾರನೆಯ ದಿನ ವಾರಗಿತ್ತಿ ಬಂದಳು. ಸೆರಗಿನ ತುಂಬ ಸೊಂಡೆಕಾಯಿ, ಮುಖ ಬಿಗಿ. ಅತ್ತೆಯ ಮಡಿಲಿಗೆ ಸುರಿದು ಹೋದಳು. ದಿನಾ ಹೀಗೇ. ಕೆಮ್ಮು ಮಾತ್ರ ಅವಳು ಬಂದಾಗಲೆಲ್ಲ ಜಾಸ್ತಿಯಾಗುತ್ತಿತ್ತು. ಒಂದು ದಿನ ಕಾಯಿ ಇನ್ನೂ ಸೆರಗಿನಲ್ಲಿರುವಾಗಲೇ ಅತ್ತೆ ಗೋಡೆ ಹಿಡಿದು ಕೆಮ್ಮುವುದನ್ನು ನೋಡಿ ಅವಳಿಗೆ ತಡೆಯಲಾಗಲಿಲ್ಲ.

"ಅಕ್ಕಾ, ಅತ್ತೆಗೆ ಏನೂ ಆಗಲ್ಲ ಅಲ್ವಾ?" ಅಂತ ನನ್ನ ಕೈ ಹಿಡಿದಳು.

ನನಗೂ ಅಳು ಬಂತು. "ಏನೂ ಆಗಲ್ಲ ಬುಡು. ಬಾ, ಕುಂತ್ಕೊ" ಅಂದೆ.

ಅತ್ತೆ ರೇಗಿದರು. "ಥೂ ನಿಮ್ಮ, ಮಾತಾಡ್ಬುಟ್ರಲ್ಲಾ! ಮದ್ದೆಲ್ಲ ಕೆಟ್ಟೋಯ್ತು! ಇನ್ನು ಮೊದ್ಲಿಂದ ಸುರು ಮಾಡ್ಬೇಕು. ನಾಳಿಂದ ಇಬ್ರೂ ಜೊತೇಲೇ ಓಗಿ ಕಿತ್ಕಬನ್ನಿ!" ಅಂತ, ನಾವಿಬ್ಬರೂ ಜಗುಲಿಯಲ್ಲಿ ಕೂತು ಟೀ ಕುಡಿದು ಮುಗಿಸುವ ತನಕ ಬೈದರು. ಒಂದು ಸಲವೂ ಕೆಮ್ಮಲಿಲ್ಲ.