ಅರಿಸಿನ ಕುಂಕುಮದ ಜೊತೆ ಒಂದು ಅಂತರ್ಯುದ್ಧ

ನನ್ನ ಚಿಕ್ಕಮ್ಮನಷ್ಟು ಯುದ್ಧಭೂಮಿಗಳನ್ನು ಸುತ್ತಿದ ಹೆಂಗಸು ಮುಂಬಯಿ ಹತ್ತಿರದ ಇಡೀ ಡೊಂಬಿವಲಿಯಲ್ಲಿ ಇನ್ನೊಬ್ಬರಿಲ್ಲ! ಪಾಸ್‌ಪೋರ್ಟ್ ಮಾಡಿಸಿಲ್ಲ ಎಂಬುದು ಬೇರೆ ಮಾತು. ಗಡಿಯಲ್ಲಿ ಬಂದೂಕು ಹಿಡಿದು ನಿಂತವನ ಜೊತೆ ಹೇಗೆ ಮಾತಾಡಬೇಕು, ಬಾಂಬು ಬೀಳುವಾಗ ಮನೆಯ ಯಾವ ಮೂಲೆ ವಾಸಿ, ಎಲ್ಲ ಬಲ್ಲರು. ಠಾಣೆ ರೈಲು ಸ್ಟೇಷನ್ನಿನಲ್ಲಿ ಗಾಡಿ ಬದಲಿಸುವುದೆಂದರೆ ಮಾತ್ರ ಜೊತೆಗೊಬ್ಬರು ಬೇಕೇ ಬೇಕು.

ಚಿಕ್ಕಪ್ಪನ ಅಂಗಡಿ ಉಲ್ಹಾಸನಗರದಲ್ಲಿ. ಪಕ್ಕದ ರದ್ದಿಯವನಿಂದ ಒಮ್ಮೆ ಅವರು ತಂದುಕೊಟ್ಟ ಹಳೆ ಇಂಗ್ಲಿಷ್ ಪುಸ್ತಕವೇ ಎಲ್ಲಕ್ಕೂ ಮೂಲ. ಅಂತರ್ಯುದ್ಧ ನಡೆಯುತ್ತಿದ್ದ ದೇಶವೊಂದನ್ನು ಯಾರೋ ಬಸ್ಸಿನಲ್ಲಿ ದಾಟಿದ ಕಥೆ. ಚಿಕ್ಕಮ್ಮ ಉಡುಪಿಯಲ್ಲಿ ಮಾಡಿದ ಬಿ.ಎ. ಕಡೆಗೂ ಉಪಯೋಗಕ್ಕೆ ಬಂತು! ಆಮೇಲೆ ಅಂಥ ಪುಸ್ತಕಗಳೇ ಬೇಕು. ಸುಖದ ದೇಶಗಳ ಪ್ರವಾಸಕಥನ ಓದಬಾರದೇ ಎಂದು ಕೇಳಿದೆ.

"ಸುಖ ಇರುವ ಊರಿಗೆ ಹೋದವ ಎಂತ ಬರೀತಾನೆ ಮಾರಾಯ್ತಿ? ತಿಂದದ್ದು, ಫೋಟೋ ತೆಗೆದದ್ದು."

ತಾವು ಓದಿ ಸುಮ್ಮನಿದ್ದರೆ ಯಾರಿಗೇನು ಕಷ್ಟ? ಊರಿಗೆಲ್ಲ ಓದಲು ಹೇಳುತ್ತಿದ್ದರು, ವೈದ್ಯರು ಕಷಾಯ ಹೇಳುವ ಹಾಗೆ. ಅತ್ತೆಯ ಜೊತೆ ಮುನಿಸಿಕೊಂಡ ಸೊಸೆಗೆ ಕದನವಿರಾಮದ ಪುಸ್ತಕ. ಮನೆ ಬದಲಿಸುವವರಿಗೆ ನಿರಾಶ್ರಿತರ ಪುಸ್ತಕ. ಆಗ ಡೊಂಬಿವಲಿಯಲ್ಲಿ ಲೋಡ್‌ಶೆಡ್ಡಿಂಗ್ ಕಾಲ. ಬಿಲ್ಡಿಂಗಿನವರೆಲ್ಲ ಬೆವರು ಒರೆಸುತ್ತ ಕೆಳಗಿಳಿದು ಸರ್ಕಾರವನ್ನು ಬೈಯುತ್ತಿದ್ದರೆ, ಕರೆಂಟೇ ಇಲ್ಲದ ಒಂದು ನಗರದಲ್ಲಿ ಕಾರಿನ ದೀಪ ಹಾಕಿಕೊಂಡು ಮದುವೆ ಮಾಡಿದರೆಂದು ಚಿಕ್ಕಮ್ಮ ವರ್ಣಿಸುತ್ತಿದ್ದರು. ಜನ ಒಬ್ಬೊಬ್ಬರಾಗಿ ಎದ್ದು ಬಿಸಿ ಮನೆಗೇ ವಾಪಸು ಹೋಗುತ್ತಿದ್ದರು!

ಸಂಕ್ರಾಂತಿಯ ಅರಿಸಿನ ಕುಂಕುಮದ ಕಥೆಯಂತೂ ಕೇಳಲೇಬೇಡಿ. ಇಲ್ಲಿಯ ಪದ್ಧತಿಯಂತೆ ಬಂದ ಮುತ್ತೈದೆಯರಿಗೆ ಎಳ್ಳಿನ ಉಂಡೆಯ ಜೊತೆ ಒಂದು ಸ್ಟೀಲಿನ ಬಟ್ಟಲೋ ಪ್ಲಾಸ್ಟಿಕ್ ಡಬ್ಬಿಯೋ ಕೊಡಬೇಕು. ಚಿಕ್ಕಮ್ಮ ಪುಸ್ತಕ ಕೊಟ್ಟರು! ನಾವು ಕಾಕು ಎಂದು ಕರೆಯುವ ಎದುರು ಮನೆಯ ಮರಾಠಿ ಹೆಂಗಸಿನ ಪಾಲಿಗೆ ಬಂದದ್ದರ ಮುಖಪುಟದಲ್ಲಿ ಉರಿಯುತ್ತಿರುವ ಟ್ಯಾಂಕು. ಮಂಗಳದ ದಿನ ಇದನ್ನು ದೇವರ ಮುಂದೆ ಇಡುವುದೋ ಬೇಡವೋ ಎಂದು ಪಾಪ ಅವರು ಮರುದಿನ ಭಟ್ಟರನ್ನು ಕೇಳಿ ಬಂದರಂತೆ.

ಇನ್ನೊಮ್ಮೆ ಲೋಕಲ್ ರೈಲಿನಲ್ಲಿ ಓದುತ್ತ ಕೂತವರು ಡೊಂಬಿವಲಿ, ಕಲ್ಯಾಣ ಎಲ್ಲ ದಾಟಿ ಕೊನೆಯ ಸ್ಟೇಷನ್ ಕಸಾರಾ ಮುಟ್ಟಿದರು. ಅಲ್ಲಿಂದ ಫೋನು. ಗಾಬರಿಯಾಗಿದ್ದಾರೆಂದು ಚಿಕ್ಕಪ್ಪ ಸಮಾಧಾನ ಹೇಳಹೊರಟರೆ, ಪುಸ್ತಕದವನು ಇನ್ನೂ ಗಡಿ ದಾಟಿಲ್ಲ, ಬೇಕಿದ್ದರೆ ನೀವು ಊಟ ಮಾಡಿ ಎಂದರಂತೆ!

ನಾವೆಲ್ಲ ನಕ್ಕೆವು. ಆಮೇಲೆ ನನಗೆ ನಗು ಬಾರದ ಕಾಲ ಬಂತು.

ನನ್ನವರು ಮರುಭೂಮಿಯ ಒಂದು ದೇಶದಲ್ಲಿ ಕಂಪನಿಯೊಂದರ ಲೆಕ್ಕಪತ್ರ ನೋಡುತ್ತಿದ್ದರು. ಅಲ್ಲಿ ಇದ್ದಕ್ಕಿದ್ದ ಹಾಗೆ ಗುಂಡಿನ ಕಾಳಗ ಶುರುವಾಯಿತು. ವಿಮಾನ ನಿಂತಿತು, ಫೋನೂ ಸತ್ತಿತು. ನವಿ ಮುಂಬಯಿಯ ನೆರೂಳದ ನಮ್ಮ ಮನೆ ತುಂಬ ನೆಂಟರು, ಟಿವಿ ತುಂಬ ಬೆಂಕಿ. ದೇವರಿದ್ದಾನೆ ಎಂದು ಹೇಳುತ್ತ ಎಲ್ಲರೂ ಟಿವಿಯನ್ನೇ ನೋಡುತ್ತಿದ್ದರು. ನನಗೆ ನೀರೂ ಇಳಿಯುತ್ತಿರಲಿಲ್ಲ.

ಆಗ ಚಿಕ್ಕಮ್ಮ ಬಂದರು. ಠಾಣೆಯಲ್ಲಿ ಗಾಡಿ ಬದಲಿಸಿ, ಒಬ್ಬರೇ! ಚೀಲದಿಂದ ಈಗ ಯಾವ ಪುಸ್ತಕ ಹೊರಗೆ ಬರುತ್ತದೋ ಎಂದು ಅವರ ಕೈಯನ್ನೇ ನೋಡಿದೆ. ಬಂದದ್ದು ಗಂಜಿಗೆ ಕುಚ್ಚಲಕ್ಕಿ, ಉಪ್ಪಿನಕಾಯಿ. ಅವರು ಮೊದಲು ಟಿವಿ ಆರಿಸಿದರು.

"ಇವರು ಬೀದಿ ಮಾತ್ರ ತೋರಿಸುದು. ಮನೆ ಒಳಗೆ ಹೋಗುದಿಲ್ಲ. ನಾನು ಒಳಗೆ ಹೋಗಿದ್ದೇನೆ. ಅಲ್ಲಿಯ ಜನ ತಾವು ಉಪವಾಸ ಇದ್ದಾರು, ಪರವೂರಿನವನನ್ನು ಹಸಿದು ಕೂರಲಿಕ್ಕೆ ಬಿಡುದಿಲ್ಲ. ನಿನ್ನ ಗಂಡ ಈಗ ಯಾರದ್ದೋ ಮನೆಯಲ್ಲಿ ಊಟ ಮಾಡ್ತಾ ಇದ್ದಾರೆ. ನೀನೂ ಉಣ್ಣು."

ಅವರ ಧ್ವನಿಯಲ್ಲಿ ಎಳ್ಳಷ್ಟೂ ಸಂಶಯವಿರಲಿಲ್ಲ. ನಾನು ಉಂಡೆ. ಫೋನು ಬರುವವರೆಗೆ ಪ್ರತಿದಿನ ಆ ಒಂದು ಮಾತನ್ನು ನೆನೆದೇ ಉಂಡೆ.

ನನ್ನವರು ಸುಖವಾಗಿ ಮರಳಿದರು. ನೋಡಲು ಬಂದವರೆಲ್ಲ ಗುಂಡು, ಬಾಂಬು, ಹೆಣ ಎಂದೇ ಕೇಳಿದರು. ಚಿಕ್ಕಮ್ಮ ಮಾತ್ರ ಮೆಲ್ಲಗೆ, "ಊಟ ಯಾರು ಹಾಕಿದ್ದು ನಿಮಗೆ?" ಎಂದರು.

ಆಫೀಸಿನ ಡ್ರೈವರ್ ಇವರನ್ನು ತನ್ನ ಮನೆಗೆ ಕರೆದೊಯ್ದಿದ್ದನಂತೆ. ಅವನ ಮುದಿ ತಾಯಿ ದಿನಾ ರೊಟ್ಟಿ ಸುಟ್ಟು ಕೊಟ್ಟಳಂತೆ. ಹಿಟ್ಟು ಮುಗಿಯುತ್ತ ಬಂದಾಗ ತನಗೆ ಹಸಿವಿಲ್ಲವೆಂದು ಸುಳ್ಳು ಹೇಳಿ ಇವರಿಗೇ ಬಡಿಸಿದಳಂತೆ.

ಚಿಕ್ಕಮ್ಮ ಕಾಫಿ ಲೋಟ ಕೆಳಗಿಟ್ಟು ಅಡುಗೆಮನೆಗೆ ಹೋದರು. ಹಿಂದೆಯೇ ಹೋದೆ. ಸೆರಗು ಬಾಯಿಗೊತ್ತಿ ಅಳುತ್ತಿದ್ದರು.

"ನಾನು ಪುಸ್ತಕದಲ್ಲಿ ಓದಿದ್ದು ಮಾತ್ರ ಅಲ್ವಾ? ನಿಜ ಹೌದೋ ಅಲ್ವೋ ಅಂತ ಆ ದಿವಸ ನನಗೂ ಗೊತ್ತಿರಲಿಲ್ಲ. ನೀನು ಒಂದು ತುತ್ತು ತಿಂದ್ರೆ ಸಾಕಿತ್ತು."

ನಾನು ಅವರನ್ನು ತಬ್ಬಿಕೊಂಡೆ. ಗೊತ್ತಿಲ್ಲದ ಮಾತನ್ನು ಅಷ್ಟು ಗಟ್ಟಿಯಾಗಿ ಹೇಳಿ ನನ್ನನ್ನು ಉಳಿಸಿಕೊಂಡ ಈ ಹೆಂಗಸಿಗೂ, ಮುಖ ಕಾಣದ ಆ ಮುದುಕಿಗೂ ನಾನು ಜೀವವಿರುವವರೆಗೆ ಋಣಿ.