ಪಕ್ಕದ ಲಾಳಿ

ಒಬ್ಬನೇ ಕೂತು ಮಾತಾಡಿದರೆ ಅದು ಅಭ್ಯಾಸ. ಸೊಸೆಯ ಕಿವಿಗೆ ಬಿದ್ದರೆ ಕಾಯಿಲೆ. ಇದು ನನಗೆ ತಡವಾಗಿ ಗೊತ್ತಾಯಿತು.

ನಾನು ಮೊಳಕಾಲ್ಮೂರಿನ ನೇಕಾರ. ನಮ್ಮ ಸೀರೆಯ ದೊಡ್ಡ ಅಂಚಿಗೆ ಇಬ್ಬರು ಬೇಕು. ಮಗ್ಗದ ಗುಂಡಿಯಲ್ಲಿ ಕೂತವನು ಒಡಲಿನ ಲಾಳಿ ಎಸೆದರೆ, ಬಲಗಡೆ ಕೂತವರು ಅಂಚಿನ ಲಾಳಿ ಎಸೆಯಬೇಕು. ನನ್ನ ಬಲಗಡೆ ಹೆಂಡತಿ ರತ್ನಮ್ಮ ಇದ್ದಳು. ಪ್ರತಿ ಎಳೆಗೂ ನಾನು ‘ಹಾಕು’ ಅನ್ನುತ್ತಿದ್ದೆ, ನಡುನಡುವೆ ಊರ ಸುದ್ದಿಯನ್ನೆಲ್ಲ ಹೇಳುತ್ತಿದ್ದೆ. ಅವಳು ಲಾಳಿ ಹಾಕುತ್ತಿದ್ದಳು. ಅದೇ ಉತ್ತರ ಅಂದುಕೊಂಡಿದ್ದೆ.

ಕೊರೊನಾದ ಎರಡನೇ ಅಲೆಯಲ್ಲಿ ಅವಳನ್ನು ಆಂಬುಲೆನ್ಸಿನಲ್ಲಿ ಕರೆದೊಯ್ದರು. ನನ್ನನ್ನು ಮನೆಯಲ್ಲೇ ಇರಲು ಹೇಳಿದರು. ಆಸ್ಪತ್ರೆಯಿಂದ ಫೋನ್ ಮಾಡಿ, “ನಿಮ್ಗೆ ಒಂದು ಮಾತು ಹೇಳ್ಬೇಕಾಗಿತ್ರಿ” ಅಂದಳು. ಅವಳ ಏದುಸಿರು ಕೇಳಲಾಗದೆ, “ದಣೀಬ್ಯಾಡ, ಬಂದ್ಮ್ಯಾಲೆ ಹೇಳುವಂತೆ” ಅಂದೆ. ಅವಳು ಬರಲಿಲ್ಲ. ಮುಖವನ್ನೂ ನೋಡಲಾಗಲಿಲ್ಲ. ಮಾತಾಡಿಸಲು ನೆಂಟರು ಬರುವ ಕಾಲವೂ ಅದಾಗಿರಲಿಲ್ಲ.

ಆಮೇಲೆ ಸಣ್ಣ ಅಂಚಿನ ಸೀರೆಗೆ ಇಳಿದೆ; ಅದಕ್ಕೆ ಒಬ್ಬನೇ ಸಾಕು. ಬಾಯಿ ಮಾತ್ರ ‘ಹಾಕು’ ಅನ್ನುವುದನ್ನು ಬಿಡಲಿಲ್ಲ. ಮಗ್ಗದಲ್ಲಿ ಅವಳ ಜೊತೆ ಶುರುವಾದ ಮಾತು ಊಟದ ಹೊತ್ತಿನ ಸಾರಿನ ಉಪ್ಪಿನವರೆಗೂ ಬಂತು. ನಿದ್ದೆ ಕೆಟ್ಟಿತು. ಸೊಸೆ ಗಿರಿಜಾ ಹಟ ಹಿಡಿದು ಚಳ್ಳಕೆರೆಯ ಮನಸ್ಸಿನ ಡಾಕ್ಟರ ಹತ್ತಿರ ಹೊರಡಿಸಿದಳು. ಬಸ್ಸಿನಲ್ಲಿ ಸಿಕ್ಕ ಗ್ಯಾರೇಜಿನ ರಫೀಕ್ ಸಾಬರಿಗೆ, ಹಲ್ಲು ತೋರಿಸಲು ಹೊರಟಿದ್ದೇನೆ ಎಂದೆ. ಅವರು ಕಣ್ಣು ತೋರಿಸಲು ಎಂದರು. ದಾರಿಯುದ್ದಕ್ಕೂ ನಾನು ಕೆನ್ನೆ ಹಿಡಿದುಕೊಂಡೆ, ಅವರು ಕಣ್ಣುಜ್ಜಿಕೊಂಡರು. ಡಾಕ್ಟರ ಬಾಗಿಲಲ್ಲಿ ಮತ್ತೆ ಎದುರಾದೆವು. ಸಾಬರು ಬೆಂಚಿನಲ್ಲಿ ಸರಿದು ಜಾಗ ಕೊಟ್ಟು, “ಕೂತ್ಕಳ್ರಿ, ಹಲ್ಲು ಕಣ್ಣು ಎಲ್ಲಾ ಇವರೊಬ್ರೇ ನೋಡ್ತಾರೆ” ಅಂದರು.

ಹೆಂಡತಿ ಉತ್ತರ ಕೊಡುತ್ತಾಳಾ ಎಂದು ಡಾಕ್ಟರ್ ಕೇಳಿದರು. ಇದ್ದಾಗಲೇ ಕೊಡುತ್ತಿರಲಿಲ್ಲ ಎಂದೆ. ಅವರು ನಗಲಿಲ್ಲ. ಆಗ ನನ್ನ ನಿಜವಾದ ಭಯ ಬಾಯಿಗೆ ಬಂತು: “ಮಾತ್ರೆ ನುಂಗಿದ್ರೆ ಅವಳು ಪಕ್ಕದಿಂದ ಎದ್ದೋಗ್ತಾಳಾ ಸಾರ್?”

ಮಾತ್ರೆ ನಿದ್ದೆಗೆ, ಅವರನ್ನು ಎಬ್ಬಿಸಿ ಕಳಿಸುವುದಕ್ಕಲ್ಲ ಎಂದರು ಡಾಕ್ಟರ್. ಬದುಕಿರುವವರ ಜೊತೆಗೂ ಒಂದಿಷ್ಟು ಮಾತಾಡಿ ಎಂದೂ ಹೇಳಿದರು.

ಮಾತ್ರೆ ನುಂಗಿದೆ. ಕೆಲವು ದಿನಗಳಲ್ಲಿ ನಿದ್ದೆ ಬಂತು. ಒಂದು ಬೆಳಿಗ್ಗೆ ಗಿರಿಜಾ ತಾನಾಗಿಯೇ ಮಗ್ಗದ ಬಲಗಡೆ ಬಂದು ಕೂತಳು. ಮತ್ತೆ ದೊಡ್ಡ ಅಂಚು ಶುರುಮಾಡಿ, ಡಾಕ್ಟರ ಮಾತನ್ನು ಶ್ರದ್ಧೆಯಿಂದ ಪಾಲಿಸತೊಡಗಿದೆ. ಮಧ್ಯಾಹ್ನದ ಹೊತ್ತಿಗೆ ಅವಳು ಲಾಳಿ ಕೆಳಗಿಟ್ಟಳು.

“ಮಾವಾ, ಅತ್ತೆಗೆ ಏನಾರ ಹೇಳಾಕೆ ಬಿಡ್ತಿದ್ರಾ?”

ತಮಾಷೆಗೆ ಕೇಳಿದ್ದು. ನಗಲು ಹೋದೆ, ಆಗಲಿಲ್ಲ. ನೀನೇ ಏನಾದರೂ ಹೇಳವ್ವ ಅಂದೆ. ಅವಳು ಶುರುಮಾಡಿದಳು. ಮಾತು ಅರ್ಧಕ್ಕೆ ಬರುವುದರೊಳಗೆ ನಾನು ಬಾಯಿ ಹಾಕಿದ್ದೆ.