ಮೇಲಿನ ನೀರು, ಕೆಳಗಿನ ನೀರು, ನಡುವೆ ನನ್ನ ನಡುಕ

ಹೆದರುವ ಸ್ವಭಾವದವರನ್ನೇ ಹೆದರಿಸುವ ಕೆಲಸಗಳು ಹುಡುಕಿಕೊಂಡು ಬರುತ್ತವೆ. ಅದಕ್ಕೆ ನಾನೇ ಸಾಕ್ಷಿ. ನಾಯಿ ಕಂಡರೆ ಹೆದರಿಕೆ, ಎಲ್ಲಾದರೂ ಸಹಿ ಹಾಕಬೇಕೆಂದರೆ ಹೆದರಿಕೆ, ಲಿಫ್ಟಿನಲ್ಲಿ ಒಬ್ಬಳೇ ಹೋಗಬೇಕೆಂದರೆ ಮನೆದೇವರ ಸ್ಮರಣೆ. ಇಂಥ ನನಗೆ ಸಿಕ್ಕಿದ ಕೆಲಸವೆಂದರೆ ಭೂಮಿಯ ಮೇಲಿನ ನೀರಿನ ಲೆಕ್ಕವನ್ನೂ ಭೂಮಿಯೊಳಗಿನ ನೀರಿನ ಲೆಕ್ಕವನ್ನೂ ಕಂಪ್ಯೂಟರಿನಲ್ಲಿ ಒಂದಕ್ಕೊಂದು ಜೋಡಿಸುವುದು.

ಮಳೆ, ಹಳ್ಳ, ಕೆರೆಗಳ ಲೆಕ್ಕಕ್ಕೆ ಒಂದು ಸಾಫ್ಟ್‌ವೇರ್. ಬಾವಿ, ಬೋರ್‌ವೆಲ್, ಬಂಡೆಯ ಬಿರುಕಿನೊಳಗಿನ ನೀರಿಗೆ ಇನ್ನೊಂದು. ಮೇಲಿನದು "ಕೆರೆಯಿಂದ ಇಷ್ಟು ಇಂಗಿದೆ, ತಗೋ" ಎಂದು ಕೆಳಗಿನದಕ್ಕೆ ಹೇಳಬೇಕು. ಕೆಳಗಿನದು "ನನ್ನ ಮಟ್ಟ ಇಷ್ಟು ಏರಿತು, ಸಾಕು" ಎಂದು ಮೇಲಿನದಕ್ಕೆ ತಿಳಿಸಬೇಕು. ಇಬ್ಬರೂ ಒಪ್ಪುವ ತನಕ ಮಾತು ನಡೆಯುತ್ತಲೇ ಇರುತ್ತದೆ. ಒಂದೇ ಸಂಪಿನ ನೀರಿಗೆ ಮಹಡಿಯ ಓನರೂ ಕೆಳಗಿನ ಬಾಡಿಗೆಯವರೂ ಹೊಂದಿಕೊಂಡು ಹೋಗಬೇಕಲ್ಲ, ಹಾಗೆ. ನಮ್ಮ ಸಣ್ಣ ಆಫೀಸಿನಲ್ಲಿ ಅವನ್ನು ಮಹಡಿ ಮನೆ, ಕೆಳಗಿನ ಮನೆ ಎಂದೇ ಕರೆಯುತ್ತಿದ್ದೆವು.

ದೇವನಹಳ್ಳಿಯ ಕಡೆ ವಿಮಾನ ಇಳಿಯಲು ಶುರುವಾಗಿದ್ದ ವರ್ಷಗಳು. ರಾಗಿ ಹೊಲಗಳಲ್ಲೆಲ್ಲ ಸೈಟು ಮಾರುವ ಬೋರ್ಡು. ಅಲ್ಲಿನ ಒಂದು ಊರಿನ ಕೆರೆಗೆ ಮಳೆನೀರು ತರುವ ಕಾಲುವೆಯನ್ನು ಮುಚ್ಚಿ ರಸ್ತೆ ಮಾಡಿಕೊಳ್ಳುತ್ತೇವೆ ಎಂದು ಲೇಔಟಿನವರು ಅರ್ಜಿ ಹಾಕಿದ್ದರು. ಆ ಕೆರೆ ಹೆಚ್ಚು ಕಾಲ ಒಣಗೇ ಇರುತ್ತದೆ, ಊರಿನವರು ಕುಡಿಯುವುದು ಬೋರ್‌ವೆಲ್ ನೀರು, ಎರಡಕ್ಕೂ ಸಂಬಂಧವೇ ಇಲ್ಲ ಎಂಬುದು ಅವರ ವಾದ. ಸಂಬಂಧ ಇದೆಯೋ ಇಲ್ಲವೋ ಎಂದು ಹೇಳುವ ಕೆಲಸ ನಮ್ಮ ಆಫೀಸಿಗೆ ಬಂತು, ಆಫೀಸಿನಿಂದ ನನ್ನ ತಲೆಗೆ ಬಂತು. ನಾನು ತಪ್ಪು ಹೇಳಿದರೆ ಕಾಲುವೆ ಹೋಗುತ್ತದೆ, ಅದರ ಹಿಂದೆಯೇ ಊರಿಗೆಲ್ಲ ಕುಡಿಯಲು ಇರುವ ಒಂದೇ ಬೋರ್‌ವೆಲ್ಲೂ ಬತ್ತುತ್ತದೆ.

ರನ್‌ವೇ ಮುಳುಗಿದ್ದು

ಎರಡು ಮನೆಯವರನ್ನೂ ಮೊದಲ ಸಲ ಮಾತಿಗೆ ಕೂರಿಸಿದ ದಿನ. ಮಹಡಿ ಮನೆ ಲೆಕ್ಕ ಇಡುವುದು ದಿನಕ್ಕೆ, ಕೆಳಗಿನ ಮನೆ ತಿಂಗಳಿಗೆ. ಇದನ್ನು ಹೊಂದಿಸುವುದು ಮರೆತುಹೋಗಿ, ಕೆಳಗಿನ ಮನೆಯ ತಿಂಗಳ ನೀರೆಲ್ಲ ದಿನದಿನವೂ ಮೇಲಕ್ಕೆ ಉಕ್ಕತೊಡಗಿತು. ನೋಡನೋಡುತ್ತಿದ್ದಂತೆ ಪರದೆಯ ಮೇಲೆ ನೀಲಿ ಹರಡಿತು. ಕೆರೆ ತುಂಬಿತು, ಕೋಡಿ ಬಿತ್ತು, ಹೊಲ ಮುಳುಗಿತು, ಹೈವೇ ಮುಳುಗಿತು, ಕೊನೆಗೆ ರನ್‌ವೇಯೂ ನೀಲಿಯಾಯಿತು. ಕಂಪ್ಯೂಟರಿನ ತಪ್ಪು ಎಂದು ಗೊತ್ತಿದ್ದರೂ ನಾನು ಕಾಲನ್ನು ಕುರ್ಚಿಯ ಮೇಲೆ ಎತ್ತಿಟ್ಟುಕೊಂಡೆ.

ಅಷ್ಟರಲ್ಲಿ ನಮ್ಮ ಸರ್ ಬಂದರು. ಆಫೀಸಿನ ಯಜಮಾನರು ಅವರೇ. ಪರದೆ ನೋಡಿದವರೇ ಮೊದಲು ಕಿಟಕಿಯ ಕರ್ಟನ್ ಎಳೆದರು.

"ಯಾರಾದ್ರೂ ನೋಡಿದ್ರಾ?"

"ಇಲ್ಲ ಸರ್."

"ಪೇಪರ್‌ನೋರು?"

"ಸರ್, ನಾವಿರೋದು ಮೂರನೇ ಮಹಡೀಲಿ."

ನಾನು ಆಗಿರುವ ತಪ್ಪನ್ನು ವಿವರಿಸಿದೆ. ಅವರ ಮುಖಕ್ಕೆ ಬಣ್ಣ ಬಂತು. "ಅಷ್ಟೇ ತಾನೆ? ಅದಕ್ಕೆ ಯಾಕಮ್ಮ ಹಿಂಗೆ ನಡುಗ್ತೀಯ? ಮಾಡೆಲ್ ಅಂದ್ರೆ ಮಾಡೆಲ್ಲು, ನಿಜ ಅಲ್ಲ. ವಿಜ್ಞಾನ ಓದಿದೋರಿಗೆ ಅಷ್ಟು ಧೈರ್ಯ ಇರಬೇಡ್ವಾ?" ಎಂದು ತುಂಬಾ ಹೊತ್ತು ಬುದ್ಧಿ ಹೇಳಿದರು. ನನಗೆ ನಾಚಿಕೆಯಾಯಿತು. ಇನ್ನು ಮೇಲಾದರೂ ಗಟ್ಟಿಯಾಗಬೇಕು ಎಂದುಕೊಂಡು ತಪ್ಪು ಸರಿಪಡಿಸಿದೆ.

ಸಂಜೆ ಅಕೌಂಟ್ಸ್ ನೋಡಿಕೊಳ್ಳುವಾಕೆ ಬಂದು ಕೇಳಿದಳು, "ಏನೇ, ಸರ್ ದೆಹಲಿಗೆ ಹೋಗೋ ಫ್ಲೈಟ್ ಟಿಕೆಟ್ ಕ್ಯಾನ್ಸಲ್ ಮಾಡಿಸಿ ರೈಲಿಗೆ ಬುಕ್ ಮಾಡ್ಸಿದಾರೆ, ಮೈ ಹುಷಾರಿಲ್ವಾ?"

ಡೈರಿಯೊಳಗೆ ಕರ್ಪೂರ

ಕೆರೆ ಏರಿಯ ಕೆಳಗೆ, ಊರಿನ ಕುಡಿಯುವ ನೀರಿನ ಬೋರ್‌ವೆಲ್ಲಿನ ಪಕ್ಕದಲ್ಲೇ, ಕೈಬಿಟ್ಟ ಹಳೇ ಬೋರ್‌ವೆಲ್ ಒಂದಿತ್ತು. ಅದರೊಳಗೆ ಟೇಪ್ ಇಳಿಬಿಟ್ಟರೆ, ನೀರು ಮುಟ್ಟಿದಾಗ ಕೀ ಎನ್ನುತ್ತದೆ. ನೀರು ಎಷ್ಟು ಆಳದಲ್ಲಿದೆ ಎಂದು ಹಾಗೆ ತಿಳಿಯುವುದು. ಮೊದಲ ಸಲ ಹೋದವಳು ಟೇಪ್ ಬಿಟ್ಟು ನೋಡಿ, ನೀರು ತೀರಾ ಆಳದಲ್ಲಿದೆ ಎಂದು ತಲೆ ಆಡಿಸಿ, ನಕ್ಷೆ ಹರಡಿಕೊಂಡು ಕುಕ್ಕರುಗಾಲಲ್ಲಿ ಕೂತಿದ್ದೆ. ಆ ವರ್ಷಗಳಲ್ಲಿ ಆ ಕಡೆ ನಕ್ಷೆ, ಟೇಪು ಹಿಡಿದು ಬಂದವರು ಯಾರೇ ಆಗಲಿ, ಜಮೀನು ಕಿತ್ತುಕೊಳ್ಳಲು ಬಂದವರೇ.

ಎದುರು ಮನೆಯ ಅಜ್ಜಿ ಹಸುವಿನ ಹಗ್ಗ ಅಲ್ಲೇ ಬಿಟ್ಟು ಕೂಗಿಕೊಂಡರು. "ಲೇ, ಅಳತೆ ಮಾಡೋರು ಬಂದವ್ರೆ, ಬರ್ರೋ!"

ನಾಲ್ಕು ಬೈಕು ಬಂದವು. ಹೊಡೆಯಲಿಲ್ಲ, ಬಯ್ಯಲಿಲ್ಲ. ಮರ್ಯಾದೆಯಾಗಿಯೇ ಹಾಲಿನ ಡೈರಿಗೆ ಕರೆದುಕೊಂಡು ಹೋಗಿ, ಕೂರಿಸಿ, ಬಾಗಿಲು ಹಾಕಿ, ಕಾಫಿ ಕೊಟ್ಟರು. ಬಾಗಿಲ ಹೊರಗೆ ಒಂದು ನಾಯಿ.

"ನಿಜ ಹೇಳಮ್ಮ, ಯಾವ್ಯಾವ ಸರ್ವೆ ನಂಬರ್ರು?" ಎಂದು ಕೇಳಿದರು ಡೈರಿ ಸೆಕ್ರೆಟರಿ.

ಮಹಡಿ ಮನೆ, ಕೆಳಗಿನ ಮನೆಯ ಕಥೆಯನ್ನೆಲ್ಲ ಹೇಳಿದೆ. ಅವರು ಸಮಾಧಾನದಿಂದ ಕೇಳಿ, "ಇಲ್ಲದಿರೋ ನೀರು ಅಳೆಯೋಕೆ ಬೆಂಗ್ಳೂರಿಂದ ಕಾರ್ ಮಾಡ್ಕೊಂಡು ಬರ್ತಾರಾ? ನಂಬೋ ಅಂಥದ್ದು ಏನಾದ್ರೂ ಹೇಳಮ್ಮ" ಎಂದರು.

ಕೊನೆಗೆ ಡೈರಿಯ ಗೋಡೆಯಲ್ಲಿದ್ದ ಮುನೇಶ್ವರನ ಫೋಟೋದ ಮುಂದೆ ಕರ್ಪೂರ ಹಚ್ಚಿದರು. ಈ ಊರಿನ ಜಮೀನು ಯಾವ ಯೋಜನೆಗೂ ಇಲ್ಲ ಅಂತ ಆಣೆ ಮಾಡಬೇಕಂತೆ. ಕೊರಿಯರ್‌ನವನ ಕಾಗದಕ್ಕೆ ಸಹಿ ಹಾಕಲೂ ಹೆದರುವ ನಾನು, ಇಡೀ ಸರ್ಕಾರದ ಪರವಾಗಿ ಕರ್ಪೂರ ಮುಟ್ಟಿ ಆಣೆ ಮಾಡಿದೆ.

ಬಾಗಿಲು ತೆಗೆದರು. ಬದುಕಿದೆ ಎಂದುಕೊಂಡು ಎದ್ದೆ. ಮೂಲೆಯಲ್ಲಿ ಕೂತಿದ್ದ ಹಿರಿಯರೊಬ್ಬರು ಮೆಲ್ಲಗೆ ಕೇಳಿದರು, "ಪಕ್ಕದೂರಿನವರದ್ದು ತಗೊಂಡ್ರಲ್ಲಮ್ಮ?"

"ಹೌದಂತೆ."

"ಅದರ ಆಚೇದೂ ತಗೊಂಡ್ರು."

"ಹೌದಂತೆ."

ಬಾಗಿಲು ಮತ್ತೆ ಹಾಕಿಕೊಂಡಿತು.

"ಹಂಗಾದ್ರೆ ನಮ್ಮ ಭೂಮಿಗೆ ಏನು ಕಮ್ಮಿ ಆಗೈತೆ, ಅದನ್ನ ಹೇಳಿ ಹೋಗಮ್ಮ."

ಕಾಯಿ ಹಿಡಿಯುವವರು

ಅಂದಿನಿಂದ ನಾನು ಹೇಳದೆ ಆ ಊರಿಗೆ ಕಾಲಿಟ್ಟವಳಲ್ಲ. ತಿಂಗಳಿಗೊಮ್ಮೆ ಅಳತೆಗೆ ಹೋಗುವ ಮುಂಚಿನ ದಿನವೇ ಸೆಕ್ರೆಟರಿಗೆ ಫೋನ್ ಮಾಡಿ, "ನಾಳೆ ಬರ್ತೀನಿ, ಬಾಗಿಲು ಹಾಕ್ಬೇಡಿ" ಎನ್ನುತ್ತಿದ್ದೆ. ಎದುರು ಮನೆಯ ಅಜ್ಜಿಯೂ ಪಳಗಿದರು. ಹೋದಾಗಲೆಲ್ಲ ಆ ಕುಡಿಯುವ ಬೋರ್‌ವೆಲ್ಲಿನದೇ ಒಂದು ಚೊಂಬು ನೀರು ತಂದುಕೊಡುತ್ತಿದ್ದರು.

ಹೀಗೆ ಒಂದು ದಿನ ಹೊಂಗೆ ಮರದಡಿ ಕೂತಿದ್ದಾಗ, ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಬೋರ್‌ವೆಲ್ಲಿಗೆ ಜಾಗ ತೋರಿಸುವವರು ಬಂದರು. ಹೋಬಳಿಗೆಲ್ಲ ಹೆಸರಾದ ಮನುಷ್ಯ. ದೊಡ್ಡ ಮೀಸೆ. 'ಕಂಪ್ಯೂಟರ್ ತಂದು ನನ್ನ ಹೊಟ್ಟೆಗೆ ಕಲ್ಲು ಹಾಕಬೇಡ' ಅಂತ ಜಗಳಕ್ಕೇ ಬಂದಿದ್ದಾರೆ ಎಂದು ಚೀಲ ಎದೆಗೆ ಅವಚಿಕೊಂಡೆ. ಅವರು ಆಚೀಚೆ ನೋಡಿ ಪಕ್ಕದಲ್ಲಿ ಕೂತರು.

"ಮೇಡಂ, ನಿಮ್ಮ ಕಂಪ್ಯೂಟರು ನೀರು ಎಲ್ಲೈತೆ ಅಂತ ಹೇಳ್ತದಂತಲ್ಲ. ನಾಳೆ ಒಬ್ರು ಹೊಲದಲ್ಲಿ ಪಾಯಿಂಟ್ ಇಡಬೇಕು. ಸ್ವಲ್ಪ ಕೇಳಿ ಹೇಳ್ತೀರಾ?"

"ನಿಮಗೆ ಕಾಯಿ ಹೇಳಲ್ವಾ?"

"ಹೇಳ್ತದೆ. ಆದ್ರೆ ಬೋರ್ ಗಾಡಿ ಸ್ಟಾರ್ಟ್ ಆದ ತಕ್ಷಣ ನಂಗೆ ಅಲ್ಲಿಂದ ಓಡಿಹೋಗಾಣ ಅನ್ನಿಸ್ತದೆ ಮೇಡಂ. ಬರೀ ಧೂಳು ಎದ್ರೆ ಮನೆಯೋರೆಲ್ಲ ತೂತು ನೋಡೋದು ಬಿಟ್ಟು ನನ್ನ ಮುಖ ನೋಡ್ತಾರೆ."

ಇಷ್ಟು ದೊಡ್ಡ ಮೀಸೆಯ ಹಿಂದೆ ನನ್ನ ಜಾತಿಯವರೇ ಒಬ್ಬರು ಕೂತಿದ್ದಾರೆ ಎಂದು ಸಂತೋಷವಾಯಿತು. ನನ್ನ ಕಂಪ್ಯೂಟರು ಹೊಲಕ್ಕೆ ಪಾಯಿಂಟ್ ಇಡುವುದಿಲ್ಲ ಎಂದು ಹೇಳಿ, ಬಟನ್ ಒತ್ತಿದಾಗ ನನಗೂ ಹಾಗೇ ಓಡಿಹೋಗೋಣ ಅನ್ನಿಸುತ್ತದೆ ಎಂದೆ. ಇಬ್ಬರೂ ಕೂತು ಕಷ್ಟಸುಖ ಮಾತಾಡಿಕೊಂಡೆವು.

"ಹೇಳಿದಂಗೆ ಆಗ್ಲಿಲ್ಲ ಅಂದ್ರೆ ನೀವೇನಂತೀರ?" ಎಂದು ಕೇಳಿದರು.

"ಡೇಟಾ ಸಾಲದು ಅಂತೀವಿ. ನೀವು?"

"ಕೊರೆಸೋ ಮನೇಲಿ ಮೈಲಿಗೆ ಆಗಿತ್ತು ಅಂತೀನಿ."

ಮೀಸೆ ತೀಡಿಕೊಂಡರು. "ನಿಮ್ಮದೇ ವಾಸಿ ಮೇಡಂ, ಯಾರಿಗೂ ಬೇಜಾರಾಗಲ್ಲ. ನಾಳೆಯಿಂದ ನಾನೂ ಡೇಟಾ ಅಂತೀನಿ."

ಪಾತಾಳಗಂಗೆ

ಬೇಸಿಗೆ ಏರಿದಂತೆ ಒಂದು ವಿಚಿತ್ರ ಎದ್ದು ಕಾಣತೊಡಗಿತು. ಕೆರೆಯ ಅಂಗಳ ಬಿರುಕು ಬಿಟ್ಟಿದೆ, ಆದರೆ ಹಳೇ ಬೋರ್‌ವೆಲ್ಲಿನಲ್ಲಿ ಮೊದಲ ಸಲ ಪಾತಾಳದಲ್ಲಿದ್ದ ನೀರು ಈಗ ಬಾಯಿಯ ಹತ್ತಿರ. ಎರಡನೇ ಸಲದಿಂದ ಪ್ರತಿ ತಿಂಗಳೂ ಹಾಗೇ. ಆ ಅಳತೆಗಳನ್ನು ಕೊಟ್ಟ ಮೇಲೆ ಕೆಳಗಿನ ಮನೆಗೆ ಸೊಕ್ಕು ಬಂತು. ಮಹಡಿ ಮನೆ ನೀರು ಕೊಟ್ಟರೂ ಅಷ್ಟೇ, ಬಿಟ್ಟರೂ ಅಷ್ಟೇ. ಕಂಪ್ಯೂಟರಿನಲ್ಲಿ ಕಾಲುವೆ ಮುಚ್ಚಿ ನೋಡಿದೆ. ಅಂತರ್ಜಲದ ಗೆರೆ ಅಲುಗಲಿಲ್ಲ.

ಸರ್ ಕುಣಿದಾಡಿದರು. "ಪಾತಾಳಗಂಗೆ ಕಣಮ್ಮ! ಬಂಡೆ ಒಳಗೆ ನದಿ ಹರೀತಿದೆ!"

ನನಗೆ ಅನ್ನ ಇಳಿಯಲಿಲ್ಲ. ನಾಯಿಗೆ, ಲಿಫ್ಟಿಗೆ ಹೆದರುವುದು ನನ್ನ ಮೈ ಉಳಿಸಿಕೊಳ್ಳಲು. ಈ ಹೆದರಿಕೆ ಬೇರೆ. ನಾನು ಕೊಡುವ ಲೆಕ್ಕದಿಂದ, ನನಗೆ ಚೊಂಬಿನಲ್ಲಿ ನೀರು ಕೊಟ್ಟವರ ನೀರೇ ಹೋಗಿಬಿಟ್ಟರೆ? ಲೆಕ್ಕವನ್ನು ತಿರುಗಿಸಿ ಮುರುಗಿಸಿ ನೋಡಿದೆ. ಎಲ್ಲೂ ತಪ್ಪು ಕಾಣಲಿಲ್ಲ, ಆದರೂ ಸರಿ ಅನ್ನಿಸಲಿಲ್ಲ.

ವಿಚಾರಣೆಯ ದಿನ ಬಂತು. ಮುಂದೆ ತಹಶೀಲ್ದಾರರು, ಒಂದು ಕಡೆ ಲೇಔಟಿನ ಯಜಮಾನ, ಇನ್ನೊಂದು ಕಡೆ ಊರಿನವರು. ಮುಂದಿನ ಬೆಂಚಿನಲ್ಲಿ ಒಳ್ಳೆಯ ಸೀರೆ ಉಟ್ಟು ಅಜ್ಜಿ. ನಾನು ಬಟನ್ ಒತ್ತಿದೆ. ಗೋಡೆಯ ಮೇಲೆ ಗೆರೆ ಮೂಡಿತು.

"ಕಾಲುವೆ ಮುಚ್ಚಿದ್ರೆ ಬೋರ್‌ವೆಲ್ಲಿಗೆ ಏನಾಗುತ್ತಮ್ಮ?" ಎಂದರು ತಹಶೀಲ್ದಾರರು.

"ಏನೂ... ಏನೂ ಆಗಲ್ಲ ಅಂತ ತೋರಿಸ್ತಿದೆ ಸರ್."

"ಕೇಳಿದ್ರಲ್ಲ ಸಾರ್," ಎಂದು ಲೇಔಟಿನ ಯಜಮಾನ ಎದ್ದೇ ನಿಂತ. "ಕಂಪ್ಯೂಟರೇ ಹೇಳ್ತಿದೆ."

ಊರಿನವರೆಲ್ಲ ನನ್ನ ಕಡೆ ತಿರುಗಿದರು. ನನಗೇ ತಿಳಿಯದೆ ಮಾತು ಹೊರಟಿತು. "ಆದ್ರೆ ಸರ್, ನನಗೇ ಇದು ನಂಬಿಕೆ ಬರ್ತಿಲ್ಲ. ಕೆರೆ ಒಣಗಿರುವಾಗ ಈ ನೀರು ಎಲ್ಲಿಂದ ಬಂತೋ ಗೊತ್ತಾಗ್ತಿಲ್ಲ."

ಮೇಜಿನ ಕೆಳಗೆ ನಮ್ಮ ಸರ್ ನನ್ನ ಕಾಲು ತುಳಿದರು. "ಅದು ಪಾತಾಳಗಂಗೆ ಇರಬಹುದು ಸರ್," ಎಂದರು.

ಅಜ್ಜಿ ಎದ್ದರು. "ಯಾವ ಗಂಗೆನೂ ಇಲ್ಲ ಸಾಮಿ. ನಾವೇ ಹುಯ್ದಿದ್ದು."

"ಏನು ಹುಯ್ದಿದ್ದು?"

"ನೀರು. ಈಯಮ್ಮ ನಾಳೆ ಬರ್ತೀನಿ ಅಂತ ಫೋನ್ ಮಾಡ್ದಾಗೆಲ್ಲ, ಬೆಳಗ್ಗೆ ಟ್ಯಾಂಕರ್ ತರಿಸಿ ಆ ತೂತಿಗೆ ಹುಯ್ತಿದ್ವಿ."

"ಯಾಕಮ್ಮ?"

"ಮೊದಲ್ನೇ ಸಲ ಒಳಗೆ ಟೇಪ್ ಬಿಟ್ಟು ಈಯಮ್ಮ ಹಿಂಗೆ ತಲೆ ಆಡಿಸಿಬಿಟ್ಲು. ಖಾಲಿ ಅಂತ ಬರ್ಕೊಂಡು ಹೋದ್ರೆ, ನೀರೇ ಇಲ್ಲದ ಊರಿಗೆ ಕಾಲುವೆ ಯಾಕೆ ಅಂತ ಮುಚ್ಚಿಬಿಟ್ರೆ? ಹೆದರಿಕೆ ಆಯ್ತು ಸಾಮಿ."

ತಹಶೀಲ್ದಾರರು ಕನ್ನಡಕ ತೆಗೆದು ಒರೆಸಿದರು. "ಹುಯ್ದಿದ್ದು ನಿಲ್ತಿತ್ತಾ?"

"ಎಲ್ಲಿ ನಿಲ್ತದೆ? ಸಂಜೆಗೆಲ್ಲ ಇಳಿದೋಗ್ತಿತ್ತು."

"ಟ್ಯಾಂಕರ್ ಯಾರದ್ದು?"

ಅಜ್ಜಿ ಲೇಔಟಿನ ಯಜಮಾನನ ಕಡೆ ಕೈ ತೋರಿಸಿದರು. "ಇಗೋ, ಈಯಪ್ಪಂದೇ. ಲೇಔಟಿನ ಗಿಡಕ್ಕೆ ಹಾಕೋಕೆ ಬರ್ತದೆ. ಡ್ರೈವರ್ರು ನಮ್ಮ ಕಡೆ ಹುಡುಗ." ಆತ ಮೆಲ್ಲಗೆ ಕೂತ.

ನನಗೆ ಹೋದ ಜೀವ ಬಂದಂತಾಯಿತು. ಹೇಳದೆ ಹೋಗಿ ಹೊಸದಾಗಿ ಅಳೆಯಿರಿ ಎಂದು ಆದೇಶವಾಯಿತು. ಮಳೆಗಾಲ ಕಳೆದು ಇನ್ನೊಂದು ಬೇಸಿಗೆ ಬರುವ ತನಕ, ಡೈರಿಯ ಬಾಗಿಲಿಗೂ ನಾಯಿಗೂ ಹೆದರುತ್ತಲೇ, ಫೋನ್ ಮಾಡದೆ ಹೋಗಿ ಅಳೆದೆ. ಈ ಸಲ ಎರಡು ಮನೆಯವರಿಗೂ ಮಾತು ಹೊಂದಿತು. ಕೆರೆ ತುಂಬಿದರೆ ಬೋರ್‌ವೆಲ್ ಏರುತ್ತಿತ್ತು, ಕಾಲುವೆ ಮುಚ್ಚಿದರೆ ಪಂಪಿಗೂ ಸಿಗದಷ್ಟು ಇಳಿಯುತ್ತಿತ್ತು. ವರದಿ ಕೊಟ್ಟೆವು. ಕಾಲುವೆ ಉಳಿಯಿತು.

ಆ ಸುದ್ದಿ ಹೇಳಲು ಊರಿಗೆ ಓಡಿದೆ. ಕೆರೆ ಏರಿ ಇಳಿದು ನೋಡಿದರೆ ಹಳೇ ಬೋರ್‌ವೆಲ್ಲಿನ ಮುಂದೆ ಅದೇ ಟ್ಯಾಂಕರ್, ಅಜ್ಜಿಯ ಕೈಯಲ್ಲಿ ಪೈಪು.

"ಅಜ್ಜಿ! ಇನ್ನೂ ಯಾಕೆ? ಕಾಲುವೆ ಉಳೀತಲ್ಲ!"

"ಗೊತ್ತು ಕಣವ್ವ. ಆ ತೂತು ಒಂದ್ಸಲ ನೋಡ್ಬೇಕು ಅಂತ ತಹಶೀಲ್ದಾರ್ ಸಾಹೇಬ್ರು ಈಗ ಬರ್ತಾವ್ರಂತೆ. ಅಷ್ಟು ದೂರದಿಂದ ಬಂದೋರಿಗೆ ಖಾಲಿ ತೋರಿಸೋಕಾಗ್ತದಾ? ಸುಮ್ನೆ ನಿಂತ್ಕೋಬೇಡ, ಇದನ್ನ ಹಿಡ್ಕೋ, ಮೋಟರ್ ಹಾಕಿ ಬರ್ತೀನಿ."

ತಹಶೀಲ್ದಾರರಿಗೆ ಹೆದರಬೇಕೋ ಅಜ್ಜಿಗೆ ಹೆದರಬೇಕೋ ಎಂದು ಒಂದು ಗಳಿಗೆ ಯೋಚಿಸಿದೆ. ತಹಶೀಲ್ದಾರರು ಇನ್ನೂ ಬಂದಿರಲಿಲ್ಲ. ಪೈಪ್ ಹಿಡಿದುಕೊಂಡೆ.